ಓದುಗರ ಪ್ರಶ್ನೆ: ತಳ ಇಲ್ಲದ ಗಿಂಡಿಗೆ ಇಷ್ಟು ಮರ್ಯಾದೆ ಯಾಕೆ?

ಪ್ರಶ್ನೆ: ನಮಸ್ಕಾರ ಸಾರ್. ಮಗ ಆಕ್ಲೆಂಡ್‌ನಲ್ಲಿದ್ದಾನೆ, ಅಲ್ಲಿಂದ ಹಾಯಿದೋಣಿ ರೇಸಿನ ಅಮೆರಿಕಾಸ್ ಕಪ್ ಫೋಟೋ ಕಳ್ಸಿದ್ದ. ನೋಡಿದ್ರೆ ಅದು ಕಪ್ಪೇ ಅಲ್ಲ, ಕೊಕ್ಕು, ಹಿಡಿ ಇರೋ ದೊಡ್ಡ ಗಿಂಡಿ ತರ ಇದೆ. ರೇಸಿಗೆ ಅಂತಾನೇ ಮಾಡ್ಸಿದ್ದಾ, ಇಲ್ಲಾ ಹಳೇ ಪಾತ್ರೆನಾ? ಇನ್ನೊಂದು ವಿಷಯ, ನಮ್ಮ ಮಾವನವರ ಬೆಳ್ಳಿ ಗಿಂಡಿ ಒಂದಿದೆ, ಅದನ್ನ ಊರಿನ ದೋಣಿ ಸ್ಪರ್ಧೆಗೆ ಅವರ ನೆನಪಲ್ಲಿ ಪರ್ಯಾಯ ಫಲಕದ ತರ ಕೊಡಬೇಕು ಅಂತ ಮನೇಲಿ ಮಾತಾಗಿದೆ. ಗೆದ್ದವರ ಹೆಸರು ಅದ್ರ ಮೇಲೇ ಕೆತ್ತಿಸಬಹುದಾ?
— ಒಬ್ಬ ಓದುಗರು, ಕುಂದಾಪುರ

ಉತ್ತರ: ನಿಮ್ಮ ಕಣ್ಣು ಸರಿಯಾಗೇ ಗುರುತಿಸಿದೆ ಅಮ್ಮಾ, ಅದು ಗಿಂಡಿ ಜಾತಿಯದ್ದೇ. ಇಂಗ್ಲೆಂಡಲ್ಲಿ ಊಟದ ಮನೇಲಿ ನೀರೋ ವೈನೋ ಬಗ್ಗಿಸೋ ಹೂಜಿ ಇರುತ್ತಲ್ಲ, ಅದರ ಆಕಾರ, ಆದ್ರೆ ಇದಕ್ಕೆ ತಳಾನೇ ಇಲ್ಲ, ಮೇಲಿಂದ ನೀರು ಹುಯ್ದ್ರೆ ಕೆಳಗಿಂದ ಸೀದಾ ಹೋಗುತ್ತೆ. ಲಂಡನ್ನಿನ ಗೆರಾರ್ಡ್ ಅನ್ನೋ ಬೆಳ್ಳಿ ಅಂಗಡಿಯವರು 1848ರಲ್ಲಿ ಮಾಡಿದ್ದು, ಯಾವ ರೇಸನ್ನೂ ಮನಸ್ಸಲ್ಲಿಟ್ಕೊಂಡು ಮಾಡಿದ್ದಲ್ಲ, ಅಂಗಡೀಲಿ ಮಾರಾಟಕ್ಕಿದ್ದ ಮಾಲು. ಅದನ್ನ ಆಂಗ್ಲಸಿಯ ಮಾರ್ಕ್ವೆಸ್ ಅನ್ನೋ ಬಿರುದಿನ ಬ್ರಿಟಿಷ್ ಶ್ರೀಮಂತರು ಕೊಂಡು ರಾಯಲ್ ಯಾಟ್ ಸ್ಕ್ವಾಡ್ರನ್ ಅನ್ನೋ ಅಲ್ಲಿನ ಹಾಯಿದೋಣಿ ಕ್ಲಬ್‌ಗೆ ಕೊಟ್ರು, ಅವರು 1851ರ ಆಗಸ್ಟ್ 22ರಂದು ಐಲ್ ಆಫ್ ವೈಟ್ ದ್ವೀಪದ ಸುತ್ತ ನಡೆಸಿದ ರೇಸಿಗೆ ಬಹುಮಾನವಾಗಿ ಇಟ್ರು. ಗೆದ್ದದ್ದು ನ್ಯೂಯಾರ್ಕಿನಿಂದ ಸಮುದ್ರ ದಾಟಿ ಬಂದಿದ್ದ 'ಅಮೆರಿಕಾ' ಅನ್ನೋ ಹಾಯಿಹಡಗು. ಕಪ್ಪಿಗೆ ಹೆಸರು ಬಂದಿದ್ದು ಆ ಹಡಗಿಂದ, ದೇಶದಿಂದ ಅಲ್ಲ, ಇದನ್ನ ತುಂಬ ಜನ ತಪ್ಪು ತಿಳ್ಕೊಂಡಿದ್ದಾರೆ.

ಕೆತ್ತನೆ ಬಗ್ಗೆ ಕೇಳಿದ್ದೀರಲ್ಲ, ಅದಕ್ಕೂ ಉತ್ತರ ಈ ಗಿಂಡಿಯಲ್ಲೇ ಇದೆ. ಅದು ನೂರು ಪೌಂಡಿನ ಕಪ್, ಆದ್ರೆ ಗೆದ್ದವರು ಅದ್ರ ಮೇಲೆ '100 ಗಿನಿ ಕಪ್' ಅಂತ ತಪ್ಪಾಗಿ ಕೆತ್ತಿಸಿಬಿಟ್ರು. ಪೌಂಡಿಗೆ 20 ಶಿಲಿಂಗ್, ಗಿನಿಗೆ 21, ಅಂದ್ರೆ ನೂರು ಗಿನಿ ಅಂದ್ರೆ 105 ಪೌಂಡ್ ಆಗುತ್ತೆ. ಒಂದ್ಸಲ ಉಳಿ ಬಿದ್ರೆ ಬಿತ್ತು, ಅಳಿಸೋಕೆ ಹೋದ್ರೆ ಬೆಳ್ಳೀನೇ ಸವೆಸಬೇಕು.

ಆ ಹಡಗಿಗೆ ಆರು ಜನ ಪಾಲುದಾರರು. ಒಂದು ಗಿಂಡೀನ ಆರು ಜನ ಹೇಗೆ ಹಂಚ್ಕೊಳ್ತಾರೆ? ಕರಗಿಸಿ ಆಳಿಗೊಂದು ಪದಕ ಮಾಡ್ಸೋ ಯೋಚನೇನೂ ಬಂದಿತ್ತಂತೆ. ಇದನ್ನ ಓದಿದಾಗೆಲ್ಲ ಎದೆ ಧಸಕ್ ಅನ್ನುತ್ತೆ ನಂಗೆ. ಪುಣ್ಯಕ್ಕೆ ಹಾಗಾಗ್ಲಿಲ್ಲ, 1857ರಲ್ಲಿ ದಾನಪತ್ರ ಬರೆದು ನ್ಯೂಯಾರ್ಕ್ ಯಾಟ್ ಕ್ಲಬ್‌ಗೆ ಒಪ್ಪಿಸಿದ್ರು, ಯಾವ ದೇಶದ ಕ್ಲಬ್ ಬೇಕಾದ್ರೂ ಬಂದು ಸವಾಲು ಹಾಕಬಹುದು, ಗೆದ್ದವರು ಮುಂದಿನ ಸವಾಲಿನ ತನಕ ಇಟ್ಕೊಬೇಕು ಅಂತ. ನಿಮ್ಮ ಪರ್ಯಾಯ ಫಲಕದ ಲೆಕ್ಕಾನೇ ಇದು.

ಆಮೇಲೆ ಸವಾಲು ಹಾಕಿದವರಲ್ಲಿ ನಂಗೆ ತುಂಬ ಇಷ್ಟವಾಗೋರು ಸರ್ ಥಾಮಸ್ ಲಿಪ್ಟನ್, ಹೌದು, ನಮ್ಮ ಅಂಗಡಿಗಳಲ್ಲಿ ಸಿಗೋ ಲಿಪ್ಟನ್ ಚಹಾದ ಲಿಪ್ಟನ್ನೇ. 1899ರಿಂದ 1930ರವರೆಗೆ ಐದು ಸಲ ಬಂದ್ರು, ಐದು ಹಡಗಿಗೂ 'ಶ್ಯಾಮ್‌ರಾಕ್' ಅಂತಾನೇ ಹೆಸರು, ಐದೂ ಸಲ ಸೋತ್ರು. 1920ರಲ್ಲಂತೂ ಮೊದಲೆರಡು ರೇಸ್ ಇವರದ್ದೇ ಲೆಕ್ಕಕ್ಕೆ ಬಂದಿತ್ತು, ಇನ್ನೊಂದು ಗೆದ್ದಿದ್ರೆ ಸಾಕಿತ್ತು, ಆದ್ರೆ ಉಳಿದ ಮೂರೂ ಕೈತಪ್ಪಿದವು. ಕೊನೇ ಸೋಲಾದ್ಮೇಲೆ ಅಮೆರಿಕದ ಜನಸಾಮಾನ್ಯರು ದುಡ್ಡು ಕೂಡಿಸಿ ಆ ಮುದುಕರಿಗೆ ಬಂಗಾರದ ಕಪ್ಪೇ ಮಾಡಿಸ್ಕೊಟ್ರು.

ಗಿಂಡಿ ಮಾತ್ರ ನ್ಯೂಯಾರ್ಕ್ ಬಿಟ್ಟು ಕದಲಲಿಲ್ಲ. 1983ರಲ್ಲಿ 'ಆಸ್ಟ್ರೇಲಿಯಾ 2' ಅನ್ನೋ ಹಾಯಿದೋಣಿ ರೇಸುಗಳ ಲೆಕ್ಕದಲ್ಲಿ 1-3 ಹಿಂದಿದ್ದು 4-3ರಲ್ಲಿ ಗೆದ್ದಾಗ, 132 ವರ್ಷ ಆದ್ಮೇಲೆ, ಮೊದಲ ಸಲ ಅಮೆರಿಕದವರ ಕೈಯಿಂದ ಹೋಯ್ತು. 1997ರಲ್ಲಿ ನಿಮ್ಮ ಮಗ ಇರೋ ಆಕ್ಲೆಂಡಲ್ಲೇ ಒಬ್ಬ ಸುತ್ತಿಗೆ ತಗೊಂಡು ಅದನ್ನ ಜಜ್ಜಿಬಿಟ್ಟ. ಅದನ್ನ ಲಂಡನ್ನಿಗೆ ಕಳ್ಸಿದಾಗ ಅದೇ ಗೆರಾರ್ಡ್‌ನವರು ಒಂದು ಕಾಸೂ ತಗೊಳ್ದೆ ರಿಪೇರಿ ಮಾಡ್ಕೊಟ್ರು.

ಈಗ ನಿಮ್ಮ ಗಿಂಡಿ ವಿಷಯ. ಕೊಡಿ, ಖಂಡಿತ ಕೊಡಿ, ಆದ್ರೆ ಗಿಂಡಿ ಮೇಲೆ ಉಳಿ ತಾಗಿಸ್ಬೇಡಿ. ಕೈಯಲ್ಲಿ ಬಡಿದು ಮಾಡಿದ ಹಳೇ ಪಾತ್ರೆ ಗೋಡೆ ತೆಳುವಾಗಿರುತ್ತೆ, ಅದೂ ಅಲ್ದೆ ಹತ್ತು ವರ್ಷಕ್ಕೆ ಜಾಗ ಮುಗಿಯುತ್ತೆ. ಅಮೆರಿಕಾಸ್ ಕಪ್ಪಿಗೂ ಹಾಗೇ ಆಯ್ತು, ಹೆಸರು ಬರೆಯೋಕೆ ಜಾಗ ಸಾಲದೆ 1958ರಲ್ಲಿ ಒಂದು, 2003ರಲ್ಲಿ ಇನ್ನೊಂದು ಪೀಠ ಸೇರಿಸಿದ್ರು. ನೀವು ಮೊದಲೇ ಒಂದು ಒಳ್ಳೆ ಮರದ ಪೀಠ ಮಾಡ್ಸಿ, ಗಿಂಡಿ ಅದ್ರ ಗುಳೀಲಿ ಕೂತ್ಕೊಳ್ಳೋ ಹಾಗೆ, ಸುತ್ತ ಸಣ್ಣ ಬೆಳ್ಳಿ ತಗಡು ಹೊಡೆಸಿ, ವರ್ಷಕ್ಕೊಂದು ಹೆಸರು ಅದ್ರ ಮೇಲೆ. ಸ್ಪರ್ಧೆ ಹಿಂದಿನ ದಿನ ಯಾರೋ ಉತ್ಸಾಹದಲ್ಲಿ ಹಲ್ಲುಪುಡಿ, ವಿಭೂತಿ ಹಾಕಿ ಗಸಗಸ ಉಜ್ಜೋಕೆ ಬರ್ತಾರೆ, ಬಿಡ್ಬೇಡಿ, ಅದ್ರಲ್ಲಿ ಚಿತ್ತಾರ ಸವೆಯುತ್ತೆ, ಮೆತ್ತನೆ ಸೋಪಿನ ನೀರಲ್ಲಿ ತೊಳೆದು ಹತ್ತಿ ಬಟ್ಟೇಲಿ ಒರೆಸಿದ್ರೆ ಸಾಕು. ರಬ್ಬರ್ ಬ್ಯಾಂಡ್ ಸುತ್ತಿ ಇಡ್ಬೇಡಿ, ಅದ್ರಲ್ಲಿರೋ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತೆ. ಗಿಂಡಿ ತಳದಲ್ಲಿ ಮಾವನವರ ಹೆಸರೋ ಅಕ್ಕಸಾಲಿಗರ ಗುರುತೋ ಇದ್ರೆ ಅದನ್ನ ಮುಟ್ಟಲೇಬೇಡಿ. ಪೀಠದ ಮೊದಲ ತಗಡಲ್ಲಿ ಗೆದ್ದವರದ್ದಲ್ಲ, ಈ ಗಿಂಡಿ ಯಾರದ್ದು, ಯಾವ ಮನೇದು, ಯಾವ ವರ್ಷ ಕೊಟ್ಟದ್ದು ಅಂತ ಬರೆಸಿ. ಮತ್ತೆ, ಅಕ್ಷರ ಕೆತ್ತೋ ಮುಂಚೆ ಕಾಗದದ ಮೇಲೆ ಬರೆದು ಮನೇಲಿ ನಾಲ್ಕು ಜನರ ಕೈಲಿ ಓದಿಸಿ.