'ಬಗ್ ಅಲ್ಲ' ಅಂತ ಮುಚ್ಚಿಬಿಟ್ರು, ಮುಂದೇನ್ರಿ?

ಪ್ರಶ್ನೆ: ಸರ್, ಗಂಗಾವತ್ಯಾಗ ನಂದೊಂದು ಡಿಟಿಪಿ ಅಂಗಡಿ ಐತ್ರಿ. ನಾವು ಬಳಸೋ ಒಂದು ಓಪನ್ ಸೋರ್ಸ್ (ಕೋಡ್ ಎಲ್ಲಾರಿಗೂ ತೆರೆದಿರೋ) ಸಾಫ್ಟ್‌ವೇರ್‌ನಾಗ ಪ್ರಿಂಟ್ ಸೆಟ್ಟಿಂಗ್ ಹುಡುಕೋದೇ ದೊಡ್ಡ ಕೆಲಸ, ಹೊಸ ಹುಡುಗ್ರಿಗಂತೂ ಸಿಗೋದೇ ಇಲ್ಲ. ರಿಪೋರ್ಟ್ ಹಾಕಿದ್ರ 'ಇದು ಬಗ್ (ಪ್ರೋಗ್ರಾಂ ದೋಷ) ಅಲ್ಲ' ಅಂತ ಕ್ಲೋಸ್ ಮಾಡ್ಯಾರ. ನಮ್ಮಂಥೋರ ಮಾತು ಕೇಳ್ತಾರೇನ್ರಿ?

ಉತ್ತರ: ಕೇಳ್ತಾರ, ಆದ್ರ ಲಗೂನ ಅಲ್ಲ. ಪ್ರೋಗ್ರಾಂ ಕ್ರ್ಯಾಶ್ ಆದ್ರ ತಪ್ಪು ಎಲ್ಲಾರಿಗೂ ಕಾಣ್ತೈತಿ. 'ಸಿಗವಲ್ದು' ಅನ್ನೋದು ಹಂಗಲ್ಲ, ಕೋಡ್ ಬರೆದಾವ್ನಿಗೆ ಅದು ಎಲ್ಲೈತಿ ಅಂತ ಗೊತ್ತೇ ಇರ್ತೈತಿ, ಅದಕ್ಕ ನಿಮ್ಮ ತ್ರಾಸು ಅವ್ನಿಗೆ ಕಾಣೋದೇ ಇಲ್ಲ, ಮ್ಯಾಲೆ ಮೆನು ಜಾಗ ಬದಲಿಸಿದ್ರ ಹಳೇ ಬಳಕೆದಾರರು ಬೈಯೋದು ಬ್ಯಾರೆ.

ಫೋಟೋ ತಿದ್ದೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಗಿಂಪ್ ನೋಡ್ರಿ. ಕಿಟಕಿಗೋಳು ಬಿಡಿಬಿಡಿ ಅದಾವ ಅಂತ ಜನ ವರ್ಷಗಟ್ಟಲೆ ಗೊಣಗಿದ್ರು, 2012ರ 2.8 ಆವೃತ್ತ್ಯಾಗ ಒಂದೇ ಕಿಟಕಿ ಆಯ್ಕೆ ಬಂತು, ಅದು ಡೀಫಾಲ್ಟ್ ಆಗಿದ್ದು 2018ರ 2.10ರಾಗ. ಅದೇ 2.8ರಾಗ ಸೇವ್ ಒತ್ತಿದ್ರ ಗಿಂಪ್‌ನ ಸ್ವಂತ ಫೈಲ್ ಮಾದರಿ ಎಕ್ಸ್‌ಸಿಎಫ್ ಮಾತ್ರ, ಜೆಪೆಗ್ ಬೇಕಂದ್ರ ಎಕ್ಸ್‌ಪೋರ್ಟ್ ಅಂತ ಮಾಡಿದ್ರು. ಭಾಳ ಗಲಾಟೆ ಆಯ್ತು, ಅವ್ರು ಜಗ್ಗಲಿಲ್ಲ. (ಎಕ್ಸ್‌ಸಿಎಫ್‌ನಾಗ ಲೇಯರ್, ಅಂದ್ರ ಚಿತ್ರದ ಬಿಡಿ ಪದರಗೋಳು, ಉಳೀತಾವಲ್ಲ, ನನಗ ಅದು ಸರೀನೇ ಅನಸ್ತೈತಿ.)

ಪತ್ರ, ಲೆಕ್ಕಪಟ್ಟಿ ಮಾಡೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಲಿಬ್ರೆಆಫೀಸ್‌ನಾಗ ಇಂಥವಕ್ಕ ಬ್ಯಾರೇ ಡಿಸೈನ್ ತಂಡಾನ ಐತಿ, ದೂರು ದಾಖಲಿಸೋ ಜಾಲತಾಣ ಬಗ್‌ಜಿಲ್ಲಾದಾಗ ಬಂದ ದೂರು ಅವರ ಕಡಿಗೂ ಹೋಗ್ತೈತಿ.

ನೀವು ಮೊದ್ಲು ಅದೇ ದೂರು ಬ್ಯಾರೆಯವ್ರು ಹಾಕ್ಯಾರೇನು ಹುಡುಕ್ರಿ, ಇದ್ರ ಅದರಾಗೇ ಸೇರಿಸ್ರಿ. 'ಮೆನು ಸರಿ ಇಲ್ಲ' ಅಂತ ಬ್ಯಾಡ, ಹುಡುಗ ಏನು ಮಾಡಾಕ ಹೋಗಿದ್ದ, ಮೊದ್ಲು ಎಲ್ಲಿ ಒತ್ತಿದ, ಎಲ್ಲಿ ಸಿಕ್ಕಾಕ್ಕೊಂಡ ಅಂತ ಬರೀರಿ, ಸ್ಕ್ರೀನ್‌ಶಾಟ್ ಮತ್ತ ಆವೃತ್ತಿ ನಂಬರ್ ಹಾಕ್ರಿ.