ಡೇಟಾ ಜಾಸ್ತಿ ಆದರೂ ಡಿಸ್ಕ್ ವ್ಯಾಪಾರ ಇಳಿದದ್ದೇಕೆ?

ಪ್ರಶ್ನೆ: ಜಗತ್ತಿನಲ್ಲಿ ಡೇಟಾ ಹೆಚ್ಚುತ್ತಲೇ ಇದೆ. ಹಾಗಿದ್ದೂ 1956ರಲ್ಲಿ ಮೊದಲ ಹಾರ್ಡ್ ಡಿಸ್ಕ್ ತಂದ ಐಬಿಎಂನ ಸ್ಟೋರೇಜ್ ಯಂತ್ರಗಳ ವ್ಯಾಪಾರ 2013, 2014ರಲ್ಲಿ ಇಳಿಯಿತಲ್ಲ, ಯಾಕೆ?

ಉತ್ತರ: ಸ್ಟೋರೇಜ್ ವಿಭಾಗದಲ್ಲೇ ದುಡಿದವನು ನಾನು. ಈ ಪ್ರಶ್ನೆ ಬಂದದ್ದು ಖುಷಿಯಾಯಿತು.

ಆಗ ನಾವು ಡಿಸ್ಕ್ ಕೊಳ್ಳುತ್ತಿದ್ದದ್ದು ಜಾಗಕ್ಕಿಂತ ಹೆಚ್ಚಾಗಿ ವೇಗಕ್ಕೆ. ನಿಮಿಷಕ್ಕೆ 15,000 ಸುತ್ತು ತಿರುಗುವ ಡಿಸ್ಕ್ ಕೂಡ ಸೆಕೆಂಡಿಗೆ ಸುಮಾರು 180 ಸಲ ಓದಬಲ್ಲದು, ಅಷ್ಟೇ. ಡೇಟಾಬೇಸ್‌ಗೆ ಸೆಕೆಂಡಿಗೆ 18,000 ಬೇಕೆಂದರೆ ನೂರು ಡಿಸ್ಕ್ ಹಾಕಬೇಕು. ವೇಗ ಸಿಗಲಿ ಅಂತ ಡಿಸ್ಕಿನ ಹೊರ ಅಂಚನ್ನಷ್ಟೇ ಬಳಸಿ, ಒಳಭಾಗವನ್ನು ಬೇಕಂತಲೇ ಖಾಲಿ ಬಿಡುತ್ತಿದ್ದೆವು. ಆ ಖಾಲಿ ಜಾಗಕ್ಕೂ ದುಡ್ಡು ಕೊಟ್ಟಿರುತ್ತಿದ್ದೆವು! ಮಾರುವವರ ಆದಾಯದಲ್ಲಿ ಅದೂ ಸೇರಿತ್ತು. ತಿರುಗುವ ಭಾಗವೇ ಇಲ್ಲದೆ ಚಿಪ್‌ನಲ್ಲಿ ಡೇಟಾ ಇಡುವ ಫ್ಲ್ಯಾಶ್ ಬಂತು ನೋಡಿ, ನೂರು ಡಿಸ್ಕಿನ ಕೆಲಸಕ್ಕೆ ಕೆಲವೇ ಡ್ರೈವ್ ಸಾಕಾಯಿತು. ಜೊತೆಗೆ ಒಂದೇ ಡೇಟಾ ಎರಡು ಸಲ ಬರೆಯದಂತೆ ತಡೆಯುವ ಡೀಡ್ಯೂಪ್, ಕುಗ್ಗಿಸಿ ಇಡುವ ಕಂಪ್ರೆಷನ್. ಡೇಟಾ ಬೆಳೆದರೂ ಬಿಲ್ಲು ಬೆಳೆಯಲಿಲ್ಲ.

ಇನ್ನೊಂದು ಕಡೆ ಕ್ಲೌಡ್. ಇಂಟರ್ನೆಟ್ ಮೂಲಕ ಡೇಟಾ ಇಡುವ ಎಸ್3 ಸೇವೆಯನ್ನು ಅಮೆಜಾನ್ 2006ರಲ್ಲಿ ಶುರುಮಾಡಿತು. ಹೊಸ ಡೇಟಾದ ದೊಡ್ಡ ಪಾಲು ಅಂಥ ಕಡೆ ಹೋಯಿತು. ಕ್ಲೌಡ್ ಕಂಪನಿಗಳು ಸಾಧಾರಣ ಸರ್ವರ್‌ಗಳಲ್ಲಿ ಡಿಸ್ಕ್ ತುಂಬಿಸಿ, ಮೇಲೆ ತಮ್ಮದೇ ಸಾಫ್ಟ್‌ವೇರ್ ಹಾಕಿಕೊಂಡವು. ಅವರಿಗೆ ದುಬಾರಿ ಪೆಟ್ಟಿಗೆ ಬೇಕಿರಲಿಲ್ಲ.

ಐಬಿಎಂಗೆ ತಂತ್ರಜ್ಞಾನ ಇರಲಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. 2012ರಲ್ಲೇ ಫ್ಲ್ಯಾಶ್ ಪರಿಣತ ಟೆಕ್ಸಸ್ ಮೆಮೊರಿ ಸಿಸ್ಟಮ್ಸ್ ಕಂಪನಿಯನ್ನು ಅದು ಕೊಂಡುಕೊಂಡಿತ್ತು. ಆದರೆ ಹೊಸ ಫ್ಲ್ಯಾಶ್ ಯಂತ್ರ ಮಾರಿದಾಗೆಲ್ಲ ತನ್ನದೇ ಹಳೆಯ ಡಿಸ್ಕ್ ಯಂತ್ರದ ಗಿರಾಕಿ ಕಡಿಮೆಯಾಗುತ್ತಾನೆ. ಬರೀ ಫ್ಲ್ಯಾಶ್ ಮಾರುವ ಪ್ಯೂರ್ ಸ್ಟೋರೇಜ್‌ನಂಥ ಹೊಸಬರಿಗೆ ಆ ಕಷ್ಟ ಇರಲಿಲ್ಲ. ಸರ್ವರ್ ಜೊತೆಗೇ ಸ್ಟೋರೇಜ್ ಕೊಳ್ಳುವವರು ಬಹಳ ಅಲ್ವಾ? 2014ರಲ್ಲಿ ಐಬಿಎಂ ಎಕ್ಸ್86 (ಇಂಟೆಲ್ ಮಾದರಿಯ ಚಿಪ್ ಇರುವ) ಸರ್ವರ್ ವ್ಯಾಪಾರವನ್ನು ಲೆನೊವೊಗೆ ಮಾರಿತು. ನನ್ನ ಲೆಕ್ಕದಲ್ಲಿ ಆ ಬಾಗಿಲೂ ಅಲ್ಲಿಗೆ ಅರ್ಧ ಮುಚ್ಚಿತು. ಐಬಿಎಂನ ದೊಡ್ಡ ಸ್ಟೋರೇಜ್ ಯಂತ್ರ ಡಿಎಸ್8000ದ ಮಾರಾಟವಂತೂ ಬಹುಮಟ್ಟಿಗೆ ಮೇನ್‌ಫ್ರೇಮ್ ಎಂಬ ಅದರ ಭಾರೀ ಕಂಪ್ಯೂಟರ್‌ಗಳ ನೆರಳಿನಲ್ಲೇ ಇತ್ತು.

ಇದು ಒಂದೇ ಕಂಪನಿಯ ಪಾಡಲ್ಲ. 1990ರ ದಶಕದಲ್ಲಿ ಸಿಮೆಟ್ರಿಕ್ಸ್ ಎಂಬ ಸ್ಟೋರೇಜ್ ಯಂತ್ರದಿಂದ ಐಬಿಎಂನ ಗಿರಾಕಿಗಳನ್ನು ಸೆಳೆದಿದ್ದ ಇಎಂಸಿ ಕಂಪನಿ ಕೂಡ 2016ರಲ್ಲಿ ಡೆಲ್ ಕೈ ಸೇರಿತು. ಇನ್ನು ಕಾಂತೀಯ ಪಟ್ಟಿಯ ಮೇಲೆ ಡೇಟಾ ಬರೆಯುವ ಟೇಪ್ ಡ್ರೈವ್‌ಗಳನ್ನು ಐಬಿಎಂ ಈಗಲೂ ಮಾಡುತ್ತಿದೆ. ಅಪರೂಪಕ್ಕೆ ತೆಗೆದು ನೋಡುವ ಡೇಟಾವನ್ನು ಅಗ್ಗವಾಗಿ ಇಡಲು ಟೇಪ್ ಇಂದಿಗೂ ಬಹಳ ಒಳ್ಳೆಯದು.