ದುಡ್ಡು ಕೊಟ್ಟ ಪಾಠಕ್ಕೆ ಬೀಗ ಹಾಕಬಹುದಾ?

ಪ್ರಶ್ನೆ: ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಜಿಎಸ್‌ಟಿ ಮತ್ತು ಟ್ಯಾಲಿ ಕಲಿಯಲು ಆನ್‌ಲೈನ್ ಕೋರ್ಸಿಗೆ 14,000 ರೂಪಾಯಿ ಕಟ್ಟಿದೆ. ಆರು ತಿಂಗಳ ಅವಧಿ. ಮೂರನೇ ತಿಂಗಳಲ್ಲಿ ಅಮ್ಮನಿಗೆ ಆಪರೇಷನ್ ಆಯಿತು, ಆಮೇಲೆ ಲ್ಯಾಪ್‌ಟಾಪ್ ಮುಟ್ಟಲೇ ಆಗಲಿಲ್ಲ. ಈಗ ಲಾಗಿನ್ ಆದರೆ ಅವಧಿ ಮುಗಿದಿದೆ ಅಂತ ಬರುತ್ತದೆ. ಮತ್ತೆ ತೆರೆಯಲು 5,000 ಕೇಳುತ್ತಿದ್ದಾರೆ. ಇದು ನ್ಯಾಯವಾ?
– ಒಬ್ಬ ಓದುಗರು, ತುಮಕೂರು

ಉತ್ತರ: ಅಮ್ಮ ಈಗ ಹುಷಾರಾಗಿದ್ದಾರೆ ಅಂದುಕೊಂಡಿದ್ದೇನೆ. ನನ್ನ ಮಟ್ಟಿಗೆ ಇದು ನ್ಯಾಯವಲ್ಲ. ಆದರೆ ನ್ಯಾಯವಲ್ಲದ್ದೆಲ್ಲ ಕಾನೂನಿಗೆ ವಿರುದ್ಧ ಅಲ್ಲವಲ್ಲ, ಹಾಗಾಗಿ ಮೊದಲು ಒಂದು ವಿಷಯ ನೋಡಿಕೊಳ್ಳಿ. ದುಡ್ಡು ಕಟ್ಟುವ ಮುಂಚೆ ನಿಮಗೆ ಏನು ಹೇಳಿದ್ದರು? ಆರು ತಿಂಗಳು ಎಂದು ದೊಡ್ಡದಾಗಿ, ಕಣ್ಣಿಗೆ ಬೀಳುವ ಹಾಗೆ ಬರೆದಿದ್ದರೆ ನಿಮ್ಮ ವಾದಕ್ಕೆ ಬಲ ಕಡಿಮೆ. ಜಾಹೀರಾತಿನಲ್ಲಿ 'ಯಾವಾಗ ಬೇಕಾದರೂ ಕಲಿಯಿರಿ' ಎಂದು ಹೇಳಿ ಅವಧಿಯನ್ನು ಷರತ್ತುಗಳ ಹತ್ತನೇ ಪುಟದಲ್ಲಿ ಬಚ್ಚಿಟ್ಟಿದ್ದರೆ ಮಾತೇ ಬೇರೆ. ಕೋರ್ಸಿನ ಅವಧಿ, ಶುಲ್ಕ, ರೀಫಂಡ್ ಬಗ್ಗೆ ಕೋಚಿಂಗ್ ಸಂಸ್ಥೆಗಳು ಸುಳ್ಳು ಹೇಳುವಂತಿಲ್ಲ, ಷರತ್ತುಗಳನ್ನು ಸಣ್ಣ ಅಕ್ಷರದಲ್ಲಿ ಅಡಗಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ತಂದಿದೆ.

ಈಗ ಮಾಡಬೇಕಾದ ಕೆಲಸ. ಫೋನಿನಲ್ಲಿ ಮಾತಾಡಿ ಬಿಡಬೇಡಿ, ಇಮೇಲ್ ಬರೆಯಿರಿ. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಜೊತೆಗಿಟ್ಟು, ಕಳೆದುಹೋದ ಮೂರು ತಿಂಗಳನ್ನು ದುಡ್ಡು ತೆಗೆದುಕೊಳ್ಳದೆ ಕೊಡಿ ಎಂದು ನೇರವಾಗಿ ಕೇಳಿ. ಕೇಳಿದರೆ ಕೊಡುವವರೂ ಇದ್ದಾರೆ, ಎಷ್ಟೋ ಜನ ಸುಮ್ನೆ ಕೇಳುವುದೇ ಇಲ್ಲ. ಒಪ್ಪದಿದ್ದರೆ, ಜಾಹೀರಾತಿನಲ್ಲಿ ಮೋಸ ಇತ್ತು ಅನಿಸಿದರೆ, ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕ ಇಲ್ಲ, ಆದರೆ ಎರಡು ವರ್ಷದೊಳಗೆ ದೂರು ಕೊಡಬೇಕು. ರಸೀದಿ, ಜಾಹೀರಾತಿನ ಸ್ಕ್ರೀನ್‌ಶಾಟ್ ಎಲ್ಲ ಇವತ್ತೇ ಒಂದು ಕಡೆ ಇಡಿ.

ಇನ್ನೊಂದು ಮಾತು, ಇದು ಮುಖ್ಯ. ಆ 5,000 ಕಟ್ಟುವ ಮುಂಚೆ ಪಾಠಗಳು ಯಾವಾಗ ರೆಕಾರ್ಡ್ ಆದವು ಎಂದು ಕೇಳಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳೇ ಬದಲಾಗಿವೆ. 12 ಮತ್ತು 28 ಪರ್ಸೆಂಟ್ ಸ್ಲ್ಯಾಬ್ ಹೋಗಿ ಹೆಚ್ಚಿನ ಸರಕುಗಳು 5 ಅಥವಾ 18ಕ್ಕೆ ಬಂದವು. ಹಳೇ ಪಾಠವನ್ನೇ ಮತ್ತೆ ತೋರಿಸುವುದಾದರೆ ನೀವು ಯಾಕೆ ದುಡ್ಡು ಕೊಡಬೇಕು?

ಪ್ರಶ್ನೆ: ಹದಿನೈದು ವರ್ಷ ಅಕೌಂಟ್ಸ್ ಕೆಲಸ ಮಾಡಿ ಈಗ ನಾನೇ ಕನ್ನಡದಲ್ಲಿ ಆನ್‌ಲೈನ್ ಕೋರ್ಸ್ ನಡೆಸುತ್ತಿದ್ದೇನೆ. ಅವಧಿ ಹಾಕದಿದ್ದರೆ ಯಾರೂ ಮುಗಿಸುವುದಿಲ್ಲ, ಹಾಕಿದರೆ ಬೈಯುತ್ತಾರೆ. ಏನು ಮಾಡಲಿ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ನಿಮ್ಮ ಕಷ್ಟ ಅರ್ಥವಾಗುತ್ತದೆ. ಹಾರ್ವರ್ಡ್ ಮತ್ತು ಎಂಐಟಿಯ ಆನ್‌ಲೈನ್ ಕೋರ್ಸ್‌ಗಳ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸೇರಿದವರಲ್ಲಿ ಮುಗಿಸಿದವರು ನೂರಕ್ಕೆ ಮೂರು ಜನದಷ್ಟು. ದುಡ್ಡು ಕಟ್ಟಿದವರನ್ನೇ ಲೆಕ್ಕ ಹಾಕಿದರೂ ಅರ್ಧಕ್ಕಿಂತ ಕಡಿಮೆ. ಗಡುವು ಇದ್ದರೆ ಜನ ಕೂತು ಓದುತ್ತಾರೆ, ಒಪ್ಪುತ್ತೇನೆ. ಆದರೆ ಗಡುವು ಯಾವುದಕ್ಕೆ ಅನ್ನುವುದು ಪ್ರಶ್ನೆ.

ಎನ್‌ಪಿಟಿಇಎಲ್ ನೋಡಿ, ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಕೋರ್ಸುಗಳ ಯೋಜನೆ. 12 ವಾರದ ಕೋರ್ಸಿನಲ್ಲಿ ವಾರ ವಾರ ಅಸೈನ್‌ಮೆಂಟ್, ಪ್ರತಿಯೊಂದಕ್ಕೂ ಕೊನೆಯ ದಿನಾಂಕ. ತಪ್ಪಿದರೆ ಆ ಅಂಕ ಹೋಯಿತು. ಆದರೂ ಒಂದು ದಾಕ್ಷಿಣ್ಯ ಇಟ್ಟಿದ್ದಾರೆ. ಹನ್ನೆರಡರಲ್ಲಿ ಚೆನ್ನಾಗಿ ಮಾಡಿದ ಎಂಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ, ಅಂದರೆ ಮನೆಯಲ್ಲಿ ಮದುವೆಯೋ ಜ್ವರವೋ ಬಂದು ನಾಲ್ಕು ವಾರ ತಪ್ಪಿದರೂ ನಡೆಯುತ್ತದೆ. ಪಾಠದ ವಿಡಿಯೋಗಳು ಮಾತ್ರ ಪರೀಕ್ಷೆ ಮುಗಿದ ಮೇಲೂ ಯೂಟ್ಯೂಬಿನಲ್ಲಿ ಇರುತ್ತವೆ, ಯಾರು ಬೇಕಾದರೂ ನೋಡಬಹುದು. ಅಲ್ಲಿ ಗಡುವು ಇರುವುದು ಅಂಕಕ್ಕೆ, ಪಾಠಕ್ಕಲ್ಲ.

ನೀವೂ ಹೀಗೆ ಮಾಡಬಹುದು. ನಿಮ್ಮ ಸಮಯ ಬೇಕಾಗುವ ಕೆಲಸಕ್ಕೆ, ಅಂದರೆ ಸಂಶಯ ಬಿಡಿಸುವುದು, ಲೈವ್ ಕ್ಲಾಸು, ಪೇಪರ್ ತಿದ್ದುವುದು, ಇವಕ್ಕೆಲ್ಲ ಆರು ತಿಂಗಳು ಎಂದು ಕಟ್ಟುನಿಟ್ಟಾಗಿ ಹೇಳಿ. ಅದನ್ನು ಯಾರೂ ತಪ್ಪು ಎನ್ನಲಾರರು. ರೆಕಾರ್ಡ್ ಮಾಡಿದ ಪಾಠವನ್ನು ಮಾತ್ರ ನೀವು ಕೋರ್ಸ್ ನಡೆಸುವಷ್ಟು ದಿನ ತೆರೆದಿಡಿ, ಪ್ರತಿ ವಿಡಿಯೋ ಮೇಲೂ ತಯಾರಾದ ತಿಂಗಳು ಹಾಕಿ. ವಿಡಿಯೋ ಇಡಲು ಖರ್ಚಿದೆ, ನಿಜ. ಆದರೆ ಹಳೇ ವಿದ್ಯಾರ್ಥಿ ಎರಡು ವರ್ಷದ ನಂತರ ಬಂದು ಒಂದು ಪಾಠ ನೋಡಿದರೆ ನಿಮಗೆ ಎಷ್ಟು ಹೊರೆಯಾದೀತು?

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಇಂಥ ಕೋರ್ಸಿಗೆ ಸೇರುವವರು ಯಾರು ಹೇಳಿ. ನೈಟ್ ಡ್ಯೂಟಿ ಮಾಡುವ ನರ್ಸ್, ಮಗು ಮಲಗಿದ ಮೇಲೆ ಇಯರ್‌ಫೋನ್ ಹಾಕಿಕೊಂಡು ಕೂರುವ ತಾಯಿ, ಸುಗ್ಗಿಯಲ್ಲಿ ಹೊಲಕ್ಕೆ ಹೋಗಲೇಬೇಕಾದ ಹುಡುಗ. ಸಮಯ ಇವರ ಕೈಯಲ್ಲಿ ಇಲ್ಲ. ನಾನೂ ಒಮ್ಮೆ ಒಂದು ಎಡಿಟಿಂಗ್ ಕೋರ್ಸಿನಲ್ಲಿ ಕೊನೆಯ ಎರಡು ಪಾಠ ಬಾಕಿ ಇರುವಾಗಲೇ ಬಾಗಿಲು ಹಾಕಿಸಿಕೊಂಡೆ, ಬಹಳ ಬೇಸರವಾಗಿತ್ತು. ಆ ಎರಡು ಪಾಠ ನಾನು ಇವತ್ತಿಗೂ ನೋಡಿಲ್ಲ.

ಪ್ರಶ್ನೆ: 'ಲೈಫ್‌ಟೈಮ್ ಆಕ್ಸೆಸ್' ಎಂದರೆ ನಿಜವಾಗಿ ಜೀವನಪೂರ್ತಿನಾ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಇಲ್ಲ. ಆ ಕೋರ್ಸ್, ಆ ಕಂಪನಿ ಇರುವವರೆಗೆ ಅಂತ ಅರ್ಥ. ಉಡೆಮಿ ಎಂಬ ಆನ್‌ಲೈನ್ ಕೋರ್ಸ್ ತಾಣದಲ್ಲಿ ಬಿಡಿಯಾಗಿ ಕೊಂಡ ಕೋರ್ಸ್ ಹಾಗೆ ನಿಮ್ಮ ಖಾತೆಯಲ್ಲಿ ಉಳಿಯುತ್ತದೆ, ಚಂದಾ ಕಟ್ಟಿ ನೋಡುವುದಾದರೆ ಚಂದಾ ನಿಂತ ದಿನ ನಿಲ್ಲುತ್ತದೆ. ಎಡ್‌ಎಕ್ಸ್ ಎಂಬ ಇನ್ನೊಂದು ತಾಣದಲ್ಲಿ ಉಚಿತವಾಗಿ ಸೇರಿದವರಿಗೆ ಅವಧಿ ಇದೆ, ಸೇರಿದ ದಿನವೇ ಆ ತಾರೀಕು ನೋಡಿಕೊಳ್ಳಿ. ನೋಟ್ಸ್ ಕೈಯಲ್ಲೇ ಬರೆದುಕೊಳ್ಳಿ. ಸರ್ಟಿಫಿಕೇಟ್ ಸಿಕ್ಕ ದಿನವೇ ಪಿಡಿಎಫ್ ಇಳಿಸಿಕೊಳ್ಳಿ, ಅದರ ವೆರಿಫಿಕೇಶನ್ ಲಿಂಕನ್ನೂ ಬರೆದಿಡಿ. ಕೆಲಸಕ್ಕೆ ಅರ್ಜಿ ಹಾಕುವಾಗ ಅದನ್ನೂ ಕೇಳಬಹುದು.